ಆ ಮನೆಯ ಮೆಟ್ಟಿಲು

ಮಗಳಿಗೆ ತಿಂಗಳು ತುಂಬಿದ ಬೆಳಿಗ್ಗೆ ನಾನು ಹೊಲಿಗೆ ಯಂತ್ರದ ಮುಂದೆ ಕುಳಿತು ಶಾಲೆಯ ಅಂಗಿಗಳಿಗೆ ಕಾಲರು ಕೂರಿಸುತ್ತಿದ್ದೆ. ಕೂಸು ಪಕ್ಕದ ಬುಟ್ಟಿಯಲ್ಲಿ ನಿದ್ದೆ ಹೋಗಿತ್ತು. ಅತ್ತೆ ಒಗೆದ ಸೀರೆ ಉಟ್ಟು ಬಂದು ನಿಂತರು.

"ಏಳು, ಹೊತ್ತಾಯ್ತು. ದೊಡ್ಡಮನೆಗೆ ಹೋಗ್ಬೇಕು."

ನನ್ನ ಗಂಡನ ಮುತ್ತಜ್ಜಿಯನ್ನು ಆ ದೊಡ್ಡಮನೆಯವರು ದನ ಕೊಂಡಂತೆ ಕೊಂಡಿದ್ದರು. ಅವಳ ಕಾಲದಲ್ಲೇ ಬಿಡುಗಡೆಯಾಯಿತು. ಆದರೂ ತಿಂಗಳು ತುಂಬಿದ ಕೂಸನ್ನು ಅವರ ಮೆಟ್ಟಿಲ ಮೇಲೆ ಮಲಗಿಸಿ, ಯಜಮಾನರ ಕಾಲು ತಾಗಿಸಿಕೊಂಡು ಬರುವ ಪದ್ಧತಿ ಹೋಗಲಿಲ್ಲ. ತಮಾಷೆ ನೋಡಿ, ಯಜಮಾನರ ವಂಶವೇ ಊರು ಬಿಟ್ಟಿದೆ, ಆ ಮನೆ ಈಗ ಹಲ್ಲಿನ ಆಸ್ಪತ್ರೆ. ದೇವರು ಕೊಟ್ಟರೂ ಪೂಜಾರಿ ಕೊಡ ಅಂದ ಹಾಗೆ, ಅವರು ಬಿಟ್ಟರೂ ನಮ್ಮತ್ತೆ ಬಿಡರು.

"ಮಗೂಗೆ ಇನ್ನೂ ಹಲ್ಲೇ ಬಂದಿಲ್ವಲ್ಲ ಅತ್ತೆ."

"ನಗಬೇಡ. ಹಿರಿಯರು ಮಾಡ್ಕೊಂಡು ಬಂದಿದ್ದು."

"ಅವರೇನು ಇಷ್ಟಪಟ್ಟು ಮಾಡಿದ್ರಾ? ಮಾಡ್ದಿದ್ರೆ ಬೆನ್ನ ಮೇಲೆ ಬಾರುಕೋಲು ಬೀಳ್ತಿತ್ತು. ನನ್ನ ಮಗಳನ್ನ ಆ ಮೆಟ್ಟಿಲ ಮೇಲೆ ಮಲಗಿಸಲ್ಲ."

ಅತ್ತೆ ಬುಟ್ಟಿಗೆ ಕೈ ಹಾಕಿದರು. ನಾನು ಅಡ್ಡ ನಿಂತೆ. ಬೈಗುಳ ಬರುತ್ತದೆ ಎಂದುಕೊಂಡರೆ, ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ನಂಗೂ ನಿನ್ನ ಹಾಗೇ ಹಟ ಇತ್ತು ಕಣೆ. ಮೊದಲ್ನೇ ಮಗಳನ್ನ ಕರ್ಕೊಂಡು ಹೋಗ್ಲಿಲ್ಲ. ವಾರದಲ್ಲಿ ಹೋಗ್ಬಿಟ್ಳು. ಆಮೇಲೆ ನಿನ್ನ ಗಂಡನ್ನ ಮಲಗಿಸ್ದೆ, ಉಳಿದ. ಅವಳನ್ನ ನಾನೇ ಕೊಂದೆ."

ಹೀಗೊಂದು ಮಗುವಿತ್ತೆಂದೇ ನನಗೆ ಗೊತ್ತಿರಲಿಲ್ಲ. ಅವರನ್ನು ಹಿಡಿದು ಕೂರಿಸಿದೆ.

"ಏನಾಗಿತ್ತು ಅವಳಿಗೆ?"

"ಗಂಟಲುಬೇನೆ. ಆ ತಿಂಗಳು ನಮ್ಮ ಬೀದೀಲಿ ಆರು ಮಕ್ಕಳು ಹೋದ್ವು."

"ಅವ್ಯಾವನ್ನೂ ಮೆಟ್ಟಿಲಿಗೆ ಕರ್ಕೊಂಡು ಹೋಗಿರ್ಲಿಲ್ವಾ?"

"ಎಲ್ಲಾನೂ ಕರ್ಕೊಂಡು ಹೋಗಿದ್ರು..." ಅತ್ತೆ ತಡೆದರು. "ದೊಡ್ಡಮನೆ ಮೊಮ್ಮಗೂನೂ ಹೋಯ್ತು. ಆಗ ಅಲ್ಲಿ ಕೆಲಸಕ್ಕೆ ಹೋಗ್ತಿದ್ದೆ, ಅದರ ಬಟ್ಟೆ ಒಗೆದೋಳು ನಾನೇ."

"ಅದನ್ನ ಯಾರ ಮೆಟ್ಟಿಲ ಮೇಲೆ ಮಲಗಿಸ್ಬೇಕಿತ್ತು ಅತ್ತೆ?"

ಅವರು ಬುಟ್ಟಿಯಲ್ಲಿದ್ದ ಕೂಸಿನ ಕಡೆ ತಿರುಗಿದರು. ಓದುವವರೇ, ಬೇಡಿ ಬಿಚ್ಚಿ ಮೂರು ತಲೆಮಾರಾದರೂ ನಮ್ಮ ಹೆಂಗಸರು ಇಂಥ ಪಾಪ ಹೊತ್ತುಕೊಂಡೇ ನೀರು ಸೇದಿದ್ದಾರೆ, ಅಡುಗೆ ಮಾಡಿದ್ದಾರೆ. ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೂರಿಸಿ ಕೇಳಿ.

"ಹಾಗಾದ್ರೆ ನಾನು ಕೊಲ್ಲಲಿಲ್ವಾ?"

"ಇಲ್ಲ ಅತ್ತೆ."

ಅವರು ಬಿಕ್ಕಿಬಿಕ್ಕಿ ಅತ್ತರು. ಆಮೇಲೆ ಮುಖ ತೊಳೆದು ಬಂದು, ಎಚ್ಚರಗೊಂಡಿದ್ದ ಕೂಸನ್ನು ಮಡಿಲಿಗೆ ಹಾಕಿಕೊಂಡರು. ಮೂವತ್ತೆಂಟು ವರ್ಷಗಳಲ್ಲಿ ಮೊದಲ ಸಲ, ಸತ್ತ ಮಗಳ ಹೆಸರನ್ನು ಬಾಯಿಬಿಟ್ಟು ಹೇಳಿದರು.