ಮುದುಕಿಯ ಮೂಗು ಹನ್ನೆರಡು ಡಿಗ್ರಿ

ಮುದುಕಿ ಎಂದರೆ ವಿಮಾನ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನ ಹೇಳದೆ ಹೋಗಿದ್ದರಿಂದಲೇ ಇಷ್ಟೆಲ್ಲ ಆಯಿತು.

ಸದ್ದಿನ ಎರಡು ಪಟ್ಟು ವೇಗದಲ್ಲಿ ನೂರು ಜನರನ್ನು ಹೊತ್ತು ಹಾರುತ್ತಿದ್ದ ಬಿಳಿ ವಿಮಾನ ಅದು. ಈಗ ನಮ್ಮಂಥವರ ಕಂಪ್ಯೂಟರಿನಲ್ಲಿ ಬಿಟ್ಟರೆ ಇನ್ನೆಲ್ಲೂ ಹಾರುವುದಿಲ್ಲ. ಮನೆಯಲ್ಲೇ ಕೂತು ವಿಮಾನ ಹಾರಿಸುವ ಹುಚ್ಚಿನವರು ಹದಿನಾಲ್ಕು ಜನ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಹಾರಿಸುವುದು ಕಡಿಮೆ, ಹಾರಿಸಿದ್ದರ ಸ್ಕ್ರೀನ್‌ಶಾಟ್ ಹಾಕಿ ಜಂಬ ಕೊಚ್ಚುವುದು ಹೆಚ್ಚು. ಕೆಲಸದಿಂದ ನಿವೃತ್ತಳಾದವಳೆಂದು ಆ ವಿಮಾನಕ್ಕೆ ಗುಂಪಿನಲ್ಲಿ ಮುದ್ದಿನ ಹೆಸರು ಮುದುಕಿ.

ಮುದುಕಿಯ ಮೂಗು ಉದ್ದ, ಚೂಪು. ನೆಲಕ್ಕೆ ಇಳಿಯುವಾಗ ಅವಳು ಮುಖ ಮೇಲೆತ್ತಿಕೊಂಡೇ ಬರುತ್ತಾಳೆ. ಆಗ ಪೈಲಟ್‌ಗೆ ಎದುರಿನ ರನ್‌ವೇ ಕಾಣುವುದಿಲ್ಲ. ಅದಕ್ಕೇ ಒಂದು ಹಿಡಿ ಎಳೆದು ಮೂಗನ್ನಷ್ಟೇ ಹನ್ನೆರಡು ಡಿಗ್ರಿ ಕೆಳಗೆ ಬಗ್ಗಿಸಬೇಕು.

ಅಂದು ಬೆಳಿಗ್ಗೆ ಗುಂಪಿಗೆ ಹೊಸದಾಗಿ ಸೇರಿದ ಹಲ್ಲಿನ ಡಾಕ್ಟರೊಬ್ಬರು ಬರೀ ಆಕಾಶವೇ ತುಂಬಿದ ಚಿತ್ರ ಹಾಕಿ, "ರನ್‌ವೇ ಎಲ್ಲಿ ಹೋಯ್ತು?" ಎಂದು ಕೇಳಿದ್ದರು. ನಾನು ತಿಂಡಿ ತಿನ್ನುತ್ತಲೇ ನನ್ನ ಹಿಂದಿನ ದಿನದ ಸ್ಕ್ರೀನ್‌ಶಾಟ್ ಹುಡುಕಿದೆ. ಸಂಜೆಗೆಂಪಿನ ಬೆಳಕು, ಚಕ್ರ ಹೊರಗೆ, ಮೂಗು ಕೆಳಗೆ. ಮೋಡದ ಹಾಸಿಗೆಯಿಂದ ಎದ್ದ ರಾಜಕುಮಾರಿ ಚಪ್ಪಲಿ ಎಲ್ಲಿ ಎಂದು ಬಗ್ಗಿ ನೋಡುವಂತಿದ್ದಳು.

ಅಜ್ಜಿ ಹೆಗಲ ಮೇಲಿಂದ ಇಣುಕಿದಳು. "ಇದೇ ತಾನೆ ಸದ್ದಿಗಿಂತ ಮುಂದೆ ಹೋಗೋದು?"

"ಹೂಂ ಅಜ್ಜಿ. ಸದ್ದು ಹಿಂದೇನೇ ಉಳಿದುಬಿಡುತ್ತೆ."

"ಹಾಗಾದ್ರೆ ಅಂಗಡಿಗೆ ಇದರಲ್ಲೇ ಹೋಗು. ನಿನ್ನ ದೊಡ್ಡಮ್ಮ ಬೈದಿದ್ದು ಕಿವಿಗೆ ಬೀಳೋ ಹೊತ್ತಿಗೆ ನೀನು ವಾಪಸ್ ಮನೇಲಿರ್ತೀಯ."

ದೊಡ್ಡಮ್ಮ ಎಂದರೆ ಅಜ್ಜಿಯ ಹಿರಿಮಗಳು, ಕನ್ನಡಕದ ಅಂಗಡಿಯ ಯಜಮಾನಿ. ನಾನು ಕೆಲಸಕ್ಕಿರುವುದು ಅಲ್ಲೇ. ಹೊಟ್ಟೆ ಹಿಡಿದುಕೊಂಡು ನಗುತ್ತ ಚಿತ್ರದ ಕೆಳಗೆ ಬರೆದೆ: "ಮುದುಕಿ ಮೂಗೆತ್ಕೊಂಡೇ ಬರ್ತಾಳೆ, ಅದಕ್ಕೇ ಎದುರಿಗಿರೋದು ಕಾಣಲ್ಲ. ಹನ್ನೆರಡು ಡಿಗ್ರಿ ಬಗ್ಗಿಸಿ, ಎಲ್ಲಾ ಕಾಣುತ್ತೆ." ಕಳಿಸಿ, ಫೋನನ್ನು ಚೀಲಕ್ಕೆ ಎಸೆದು ಓಡಿದೆ.

ಓಡಲು ಕಾರಣವಿತ್ತು. ಅಂಗಡಿಯಲ್ಲಿ ಒಂದು ಗುಂಡು ಸ್ಟೂಲಿದೆ. ಗಿರಾಕಿಯ ಎದುರು ಅದರ ಮೇಲೆ ಕೂತು, ಮೂಗು ಕಿವಿ ನೋಡಿ ಕನ್ನಡಕ ಹೊಂದಿಸುವವಳು ದೊಡ್ಡಮ್ಮ ಒಬ್ಬಳೇ. ಒಂದು ವರ್ಷದಿಂದ ನಾನು ಫ್ರೇಮು ಒರೆಸುತ್ತ ಆ ಸ್ಟೂಲನ್ನೇ ನೋಡುತ್ತಿದ್ದೆ. ಹಿಂದಿನ ದಿನ ದೊಡ್ಡಮ್ಮ ಹೇಳಿದ್ದಳು: "ನಾಳೆ ಹೆಡ್ ಮೇಡಂನ ನೀನೇ ನೋಡ್ಕೋ. ಅವರು ನಗ್ತಾ ಹೋದ್ರೆ ಸ್ಟೂಲು ನಿನ್ನದು. ಇಲ್ಲಾಂದ್ರೆ ಇನ್ನೊಂದು ವರ್ಷ ಒರೆಸ್ತಾ ಇರು."

ಹೆಡ್ ಮೇಡಂ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅಕ್ಷರಗಳು ಈಜಾಡುತ್ತವೆ ಎಂದು ಮೂರು ಸಲ ಕನ್ನಡಕ ವಾಪಸ್ ತಂದಿದ್ದರು. ಮೂರು ಸಲವೂ ಹೊಂದಿಸಿದ್ದು ದೊಡ್ಡಮ್ಮನೇ. ಮರಳಿ ಬಂದ ಪ್ರತಿಸಲವೂ ಅವಳ ಮುಖ ಊದಿಕೊಳ್ಳುತ್ತಿತ್ತು. ಈ ಸಲ ಮೇಡಂ ಕನ್ನಡಕವನ್ನು ಅಂಗಡಿಯಲ್ಲೇ ಬಿಟ್ಟುಹೋಗಿದ್ದರು.

ಒಳಗೆ ಕಾಲಿಟ್ಟ ಕೂಡಲೇ ಹಿಂದಿನ ಕೋಣೆಯಿಂದ ಲೆನ್ಸಣ್ಣ ತಲೆ ಹೊರಹಾಕಿದ. ಗಾಜು ಉಜ್ಜಿ ಕೂರಿಸುವುದು, ಕಡ್ಡಿ ಬಗ್ಗಿಸುವುದು ಅವನ ಕೆಲಸ. "ನೀನು ಹೇಳಿದ ಹಾಗೇ ಮಾಡಿಟ್ಟಿದ್ದೀನಿ ಕಣಮ್ಮ."

"ಏನ್ ಹೇಳಿದೆ ನಾನು?"

"ಮೇಡಂ ಕನ್ನಡಕದ ಗಾಜನ್ನ ಹನ್ನೆರಡು ಡಿಗ್ರಿ ಬಗ್ಗಿಸು ಅಂತ. ದೊಡ್ಡಮ್ಮಾವ್ರು ನಾಲ್ಕೇ ಇಟ್ಟಿದ್ರು. ಆದ್ರೂ ಮೇಡಂನ ಮುದುಕಿ ಅಂತ ಬರೆಯೋದಾ? ಧೈರ್ಯ ನಿಂದು!"

ಫೋನು ತೆಗೆದು ನೋಡಿದೆ. ನನ್ನ ಮುದುಕಿ ವಿಮಾನದ ಗುಂಪಿನ ಬದಲು ಅಂಗಡಿಯವರ ಗುಂಪಿನಲ್ಲಿ ಇಳಿದುಬಿಟ್ಟಿದ್ದಳು.

"ಅಣ್ಣಾ, ಅಲ್ಲಿ ಚಿತ್ರ ಇತ್ತಲ್ಲ! ವಿಮಾನದ್ದು!"

"ನನ್ನ ಫೋನಲ್ಲಿ ಚಿತ್ರ ತೆರೆಯೋದೇ ಇಲ್ಲ. ಬರೀ ಬೂದಿ ಬಣ್ಣದ ಚೌಕ. ಯಾಕೆ?"

ಅಳಿಸಲು ಬೆರಳಿಡುವಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಹೆಡ್ ಮೇಡಂ. ಹಿಂದೆಯೇ ದೊಡ್ಡಮ್ಮ. ಫೋನು ಮೇಜಿನ ಮೇಲಿಟ್ಟು ಕನ್ನಡಕ ಕೈಗೆತ್ತಿಕೊಂಡೆ. ನೆಟ್ಟಗೆ ಮಾಡಲು ಸಮಯವಿಲ್ಲ. ಗಾಜಿನ ಕೆಳತುದಿ ಕೆನ್ನೆಯ ಕಡೆ ಸಾಕಷ್ಟು ವಾಲಿತ್ತು. ಕಣ್ಣು ಮುಚ್ಚಿಕೊಂಡು ತೊಡಿಸಿದೆ ಅಂದರೂ ಸರಿ.

ಮೇಡಂ ಓದುವ ಕಾರ್ಡನ್ನು ಹಿಡಿದರು. ತಲೆ ಎಂದಿನಂತೆ ಮೇಲೆ; ಮೂವತ್ತು ವರ್ಷ ವೇದಿಕೆಯ ಮೇಲಿಂದ ಮಕ್ಕಳನ್ನು ನೋಡಿದ ಕತ್ತು ಅದು. ಮೊದಲ ಸಾಲು ಓದಿದರು. ಎರಡನೆಯದು. ಇರುವೆಯ ಗಾತ್ರದ ಕೊನೆಯ ಸಾಲನ್ನೂ ಪಟಪಟ ಓದಿದರು.

"ಅಕ್ಷರಗಳು ಶಿಸ್ತಾಗಿ ನಿಂತಿವೆ," ಎಂದರು. "ಯಾರ ಕೆಲಸ ಇದು?"

"ಇವಳದೇ ಮೇಡಂ," ಎಂದ ಲೆನ್ಸಣ್ಣ.

ದೊಡ್ಡಮ್ಮ ಕಣ್ಣು ಕಿರಿದು ಮಾಡಿದಳು. "ಹೇಗೆ ಗೊತ್ತಾಯ್ತೇ ನಿಂಗೆ?"

ನಿಜ ಹೇಳಬಹುದಿತ್ತು. ಹೇಳಲಿಲ್ಲ. "ಅವರು ತಲೆ ಎತ್ತಿ ನೋಡ್ತಾರಲ್ಲ ದೊಡ್ಡಮ್ಮ, ಅದಕ್ಕೆ ಗಾಜು ಬಗ್ಗಬೇಕು ಅನ್ನಿಸ್ತು," ಎಂದು ಗಂಭೀರವಾಗಿ ಬೊಗಳೆ ಬಿಟ್ಟೆ. ಬಿಡುತ್ತಿದ್ದಂತೆ ಇದು ನಿಜವೇ ಅಲ್ಲವೇ ಎಂದು ನನಗೇ ಹೊಳೆಯಿತು. ಆ ಕ್ಷಣದ ಸುಖ ನಿಮಿಷವೂ ಬಾಳಲಿಲ್ಲ. ಹೊಸ ಕಣ್ಣಿನ ಉತ್ಸಾಹದಲ್ಲಿ ಮೇಡಂ ಅಂಗಡಿಯ ಗೋಡೆ, ಬೋರ್ಡು, ಬೆಲೆಚೀಟಿ ಎಲ್ಲ ಓದಿ ಮುಗಿಸಿ, ಮೇಜಿನ ಮೇಲೆ ತೆರೆದಿದ್ದ ನನ್ನ ಫೋನಿಗೆ ಬಂದಿದ್ದರು.

"ಮುದುಕಿ ಮೂಗೆತ್ಕೊಂಡೇ ಬರ್ತಾಳೆ," ಎಂದು ಜೋರಾಗಿ, ಪಾಠ ಓದುವಂತೆ ಓದಿದರು. "ಯಾರಮ್ಮ ಈ ಮುದುಕಿ?"

"ವಿ... ವಿಮಾನ, ಮೇಡಂ."

ಫೋನಿನಲ್ಲಿದ್ದ ನನ್ನ ಹನ್ನೊಂದು ಸ್ಕ್ರೀನ್‌ಶಾಟ್‌ಗಳನ್ನೂ ತೆಗೆದು ತೋರಿಸಿ, ಹಲ್ಲಿನ ಡಾಕ್ಟರಿಂದ ಹಿಡಿದು ಎಲ್ಲ ಒಪ್ಪಿಕೊಂಡೆ. ಮೇಡಂ ಒಂದೊಂದನ್ನೂ ಉತ್ತರಪತ್ರಿಕೆಯಂತೆ ನೋಡಿದರು. "ಇದರಲ್ಲಿ ರನ್‌ವೇ ನಡುಗೆರೆ ಬಿಟ್ಟು ಎಡಕ್ಕೆ ಬಂದಿದ್ದೀಯ. ಇದರಲ್ಲಿ ಚಕ್ರ ಬಿಡೋದು ಮರೆತಿದ್ದೀಯ. ಹೊಟ್ಟೆ ಮೇಲೆ ಇಳಿಸ್ತೀಯೇನು ನೂರು ಜನಾನ?" ಎಂದರು. ಆಮೇಲೆ ಅವರ ಭುಜ ಕುಲುಕತೊಡಗಿತು. ಬಾಗಿಲು ದಾಟುವವರೆಗೂ ನಗುತ್ತಲೇ ಇದ್ದರು.

"ನಗ್ತಾ ಹೋದ್ರು," ಎಂದೆ ಮೆಲ್ಲಗೆ.

"ನಿನ್ನ ನೋಡಿ ನಕ್ಕಿದ್ದು!"

"ಏನು ನೋಡಿ ನಗಬೇಕು ಅಂತ ನೀವು ಹೇಳಿರ್ಲಿಲ್ಲ ದೊಡ್ಡಮ್ಮ."

ಹಿಂದಿನ ಕೋಣೆಯಲ್ಲಿ ಲೆನ್ಸಣ್ಣ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ದೊಡ್ಡಮ್ಮ ಧಡಕ್ಕನೆ ಗಿರಾಕಿಯ ಕುರ್ಚಿಯಲ್ಲಿ ಕೂತಳು. "ಅದು ಕುರುಡು ಅದೃಷ್ಟ. ಕೂತ್ಕೋ ಸ್ಟೂಲ್ ಮೇಲೆ. ನನ್ನ ಕನ್ನಡಕ ಯಾವಾಗಲೂ ಜಾರುತ್ತೆ. ಯಾಕೆ, ಹೇಳು ನೋಡೋಣ. ಫೋನು ನೋಡಬಾರದು."

ಕೂತೆ. ನಾನು ಅಂದುಕೊಂಡಿದ್ದಕ್ಕಿಂತ ಸ್ಟೂಲು ತಗ್ಗಾಗಿತ್ತು. ದೊಡ್ಡಮ್ಮನ ಮುಖವನ್ನು ಅಷ್ಟು ಹತ್ತಿರದಿಂದ, ಕೆಳಗಿನಿಂದ ನಾನು ನೋಡಿದ್ದೇ ಇಲ್ಲ. ಮೂಗು ನೋಡಿದೆ, ಹುಬ್ಬು ನೋಡಿದೆ. ಅಳತೆಪಟ್ಟಿ ಹಿಡಿದು ಒಮ್ಮೆ, ನಂಬಿಕೆ ಬಾರದೆ ಇನ್ನೊಮ್ಮೆ ಅಳೆದೆ.

"ದೊಡ್ಡಮ್ಮ, ನಿಮ್ಮ ಎಡಗಿವಿ ಬಲಗಿವಿಗಿಂತ ಕೆಳಗಿದೆ. ಅದಕ್ಕೇ ಜಾರೋದು."

"ಏನಂದೆ? ಅರವತ್ತು ವರ್ಷದಲ್ಲಿ ಯಾರೂ ಹಾಗೆ ಹೇಳಿಲ್ಲ ನಂಗೆ!"

"ಹೇಳೋಕೆ ಯಾರನ್ನ ಕೂರಿಸಿದ್ರಿ ನೀವು ಇಲ್ಲಿ?" ಎಂದು ಕನ್ನಡಕ ಕಳಚಿಕೊಂಡು, ಕಿವಿಗೆ ತಕ್ಕಂತೆ ಬಗ್ಗಿಸಲು ಎಡಗಡೆಯ ಕಡ್ಡಿಯನ್ನು ಬಿಸಿಗಾಳಿ ಯಂತ್ರಕ್ಕೆ ಹಿಡಿದೆ.