ಬಸ್ಸಿನ ಪುಸ್ತಕದಾಗ ಹನ್ನೊಂದು ಉತ್ತರ

ಸಿರುಗುಪ್ಪದಿಂದ ಕುರುಗೋಡಿನ ಮೇಲೆ ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ, ಡ್ರೈವರನ ಸೀಟಿನ ಹಿಂದೆ, ದಾರ ಕಟ್ಟಿದ ದಪ್ಪ ನೋಟ್‌ಬುಕ್ಕೊಂದು ತೂಗಾಡುತ್ತಿತ್ತು. ಎಪ್ಪತ್ಮೂರರಲ್ಲಿ ಕಂಡಕ್ಟರ್ ಎರ್ರಿಸ್ವಾಮಿ ತೂಗುಹಾಕಿದ್ದು. ಬೆಳೆಯ ಬಗ್ಗೆ ಯಾರು ಬೇಕಾದರೂ ಕೇಳಬಹುದು, ಯಾರು ಬೇಕಾದರೂ ಉತ್ತರ ಬರೆಯಬಹುದು, ಹೆಸರು ಹಾಕಲೇಬೇಕೆಂದಿಲ್ಲ.

ಬಾದನಹಟ್ಟಿಯ ಚನ್ನವೀರಮ್ಮ ಹಿಂದಿನ ವಾರ ಬರೆದಿದ್ದಳು: ‘ಮೆಣಸಿನ ಗಿಡದ ಎಲೆ ಮುದುಡುತ್ತಿವೆ. ಏನು ಮಾಡಬೇಕು?’ ಅವಳೇ ಹಟ ಹಿಡಿದು ಹಾಕಿಸಿದ ಅರ್ಧ ಎಕರೆ ಅದು. ಬರುವ ಮಂಗಳವಾರ ಅದನ್ನು ಕಿತ್ತು ಹರಗಿ ಜೋಳ ಬಿತ್ತುತ್ತೇನೆಂದು ಗಂಡ ಕೊಟ್ಟೂರಪ್ಪ ಹೇಳಿಬಿಟ್ಟಿದ್ದ.

ಭಾನುವಾರ ಬಸ್ಸು ನಿಲ್ಲುವ ಮೊದಲೇ ಎರ್ರಿಸ್ವಾಮಿ ಕೂಗಿದ: “ಅಕ್ಕಾ, ಹನ್ನೊಂದು ಮಂದಿ ಬರದಾರ! ನಾಳಿ ಸಂಜಿಗೆ ವಾಪಸ್ ಕೊಡು.” ಬಸ್ಸು ನಿಂತೊಡನೆ ದಾರ ಬಿಚ್ಚಿ ಪುಸ್ತಕ ಅವಳ ಕೈಗಿಟ್ಟ.

ಹನ್ನೊಂದು! ಮುಖ ಕಂಡರಿಯದವರು ತನ್ನ ಹೊಲದ ಚಿಂತೆ ಮಾಡಿದ್ದಾರೆ! ಅವಳು ನಿಂತಲ್ಲೇ ಪುಟ ತಿರುವಿದಳು. ಮೂರನೆಯ ಉತ್ತರ: ‘ಗಂಧಕದ ಪುಡಿ ಉದುರಿಸಿರಿ, ಖಂಡಿತ ಚಿಗುರುತ್ತದೆ. ಸಿರುಗುಪ್ಪದವನೊಬ್ಬ.’ ಅದರ ಕೆಳಗೆ ಬರೀ ಜಗಳ. ಹೆಂಗಸು ಬೇಸಾಯಕ್ಕಿಳಿದರೆ ಎಲೆ ಮುದುಡದೆ ಮತ್ತೇನಾದೀತು ಎಂದೊಬ್ಬ. ನಿಮ್ಮವ್ವ ಕಳೆ ತೆಗೆಯದಿದ್ದರೆ ನೀನೇನು ಮಣ್ಣು ತಿನ್ನುತ್ತಿದ್ದೆಯಾ ಎಂದಿನ್ನೊಬ್ಬ. ನಾಲ್ಕು ಪುಟ. ಅದನ್ಯಾರು ಓದುತ್ತಾರೆ? ಅದೇ ಬಸ್ಸು ಹತ್ತಿ ಕುರುಗೋಡಿನಿಂದ ಗಂಧಕ ತಂದು, ಸುಡುಬಿಸಿಲಲ್ಲೇ ಎರಡು ಸಾಲಿಗೆ ಉದುರಿಸಿದಳು.

ಮರುದಿನ ಆ ಎರಡೂ ಸಾಲಿನ ಎಲೆ ಸುಟ್ಟು ಕಂದಿದ್ದವು.

“ನಿನ್ನ ಹನ್ನೊಂದು ಮಂದಿ ಕೂಡಿ ಸುಟ್ರಲ್ಲಲೇ!” ಕೊಟ್ಟೂರಪ್ಪ ನಕ್ಕ. “ಇವತ್ತು ಸೋಮವಾರ ಅಂತ ಉಳದೈತಿ ನಿನ್ನ ಹೊಲ.” ಸೋಮವಾರ ಎತ್ತಿಗೆ ನೊಗ ಹೂಡುವ ರೂಢಿ ಇರಲಿಲ್ಲ.

ಸಿರುಗುಪ್ಪದವನಿಗೆ ನಾಲ್ಕು ಮಾತು ಬೈದು ಬರೆಯೋಣವೆಂದು ಅವಳು ಪುಸ್ತಕ ಬಿಚ್ಚಿದಳು. ಜಾಗ ಹುಡುಕುತ್ತ ಜಗಳವನ್ನೆಲ್ಲ ಗಟ್ಟಿಯಾಗಿ ಓದಿದಳು. ಕೊಟ್ಟೂರಪ್ಪ ಬದುವಿನ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕ. ನಾಲ್ಕನೆಯ ಪುಟದ ತಳದಲ್ಲಿ ಅದೇ ಸಿರುಗುಪ್ಪದವನ ಅಕ್ಷರ: ‘ಇವರ ಗದ್ದಲದಲ್ಲಿ ಮೇಲೆ ಜಾಗ ಸಿಗಲಿಲ್ಲ. ಬಿಸಿಲಲ್ಲಿ ಉದುರಿಸಬೇಡಿರಿ, ಎಲೆ ಸುಡುತ್ತದೆ. ನಸುಕಿನ ಇಬ್ಬನಿಯಲ್ಲಿ, ಗಾಳಿ ಇಲ್ಲದಾಗ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಉದುರಿಸಿರಿ.’

ಗಂಡನ ನಗು ನಿಂತಿತು. “ಮೊದಲಽ ಬರಿಯಾಕ ಏನಾಗಿತ್ತು ಅವಂಗ?”

“ಬರದಾನ. ನಾನಽ ಕಡೀತನಕ ಓದಲಿಲ್ಲ.”

ಸಂಜೆ ಬಸ್ಸಿಗೆ ಕೊಡುವ ಮುನ್ನ ತನ್ನ ಪ್ರಶ್ನೆಯ ಪಕ್ಕ ಸುಟ್ಟ ಎಲೆಯೊಂದನ್ನು ಅಂಟಿಸಿ, ‘ಕಡೆಯವರೆಗೂ ಓದಿರಿ’ ಎಂದು ಬರೆದಳು.

ಮಂಗಳವಾರ ನಸುಕಿಗೆ ಗಂಧಕ ಹಿಡಿದು ಹೊಲಕ್ಕೆ ಓಡಿದರೆ, ಕೊಟ್ಟೂರಪ್ಪ ಮೊದಲೇ ಬಂದು ನಿಂತಿದ್ದ. ಎತ್ತುಗಳಿಲ್ಲ, ಕೈಯಲ್ಲಿ ಹಳೆಯ ಧೋತರದ ತುಂಡು.

“ಲಗೂನ ಬಾ, ಇಬ್ಬನಿ ಆರತೈತಿ,” ಎಂದ. ಗಂಟು ಕಟ್ಟುತ್ತ ಕೇಳಿದ, “ಆ ‘ಹೆಂಗಸು ಬೇಸಾಯಕ್ಕಿಳದ್ರ’ ಅಂದವಗ ಏನು ಬರದಿ?”

“ಏನಿಲ್ಲ. ಹಾಳಿ ತುಂಬಿತ್ತು.”

“ಮುಂದಿನ ಹಾಳ್ಯಾಗ ಬರಿ,” ಎಂದು ಅವನು ಮೊದಲ ಸಾಲಿಗಿಳಿದ.