ಡಾಲರಿನ ಬೋಣಿ

ಮಾನ್ವಿಯ ಪಾತ್ರೆ ಅಂಗಡಿಯ ನಿಂಗರಾಜನಿಗೆ ಬೋಣಿ ಅಂದರೆ ದೇವರಿಗಿಂತ ಒಂದು ಕೈ ಹೆಚ್ಚು. ದಿನದ ಮೊದಲ ಗಿರಾಕಿ ಬರಿಗೈಯಲ್ಲಿ ಹೋಗಬಾರದು, ಮೊದಲ ವ್ಯಾಪಾರದ ಹೊತ್ತಿಗೆ ಯಾರೂ ಲುಕ್ಸಾನಿನ ಮಾತೆತ್ತಬಾರದು. ಅವತ್ತು ಅವನಿಗೆ ಎರಡು ಬೋಣಿ ಇದ್ದವು. ಒಂದು ಅಂಗಡಿಯದು, ಇನ್ನೊಂದು ಮೊಬೈಲಿನಲ್ಲಿ ಹಿಡಿದಿದ್ದ ಡಾಲರಿನದು.

ಡಾಲರಿನ ವ್ಯವಹಾರವನ್ನು ಗಂಡ ಹೆಂಡತಿ ಇಬ್ಬರೂ ರಾಯಚೂರಿನ ಭಾನುವಾರದ ಕ್ಲಾಸಿನಲ್ಲಿ ಕಲಿತಿದ್ದರು. ದರ ಏರುತ್ತದೆ ಅನ್ನಿಸಿದರೆ ಕೊಳ್ಳಬೇಕು, ಏರಿದ ಮೇಲೆ ಮಾರಬೇಕು. ಸ್ವಲ್ಪ ಹಣ ಒತ್ತೆಯಿಟ್ಟು ಅದರ ಮೂವತ್ತು ಪಟ್ಟು ಡಾಲರ್ ಹಿಡಿಯಬಹುದು, ಲಾಭ ನಷ್ಟ ಎರಡೂ ಅಷ್ಟೇ ಪಟ್ಟು ದೊಡ್ಡವು. ಕಲಿಸಿದ ಹನುಮಂತರಾಯರು ಒಂದು ಮಾತನ್ನು ಮತ್ತೆ ಮತ್ತೆ ಹೇಳಿದ್ದರು: "ದರ ಎಲ್ಲಿಗೆ ಬಿದ್ರ ಹೊರಗ ಬರ್ತೀರಿ ಅಂತ ಮೊದಲ ಬರೀರಿ." ಅದಕ್ಕೆ ಸ್ಟಾಪ್ ಲಾಸ್ ಎಂದು ಹೆಸರು, ಮೊಬೈಲಿನಲ್ಲಿ ಅದಕ್ಕೊಂದು ಖಾನೆ, ಅಲ್ಲಿ ಬರೆದ ದರಕ್ಕೆ ಇಳಿದರೆ ಡಾಲರ್ ತಾನೇ ಮಾರಿಹೋಗುತ್ತದೆ. ನಿಂಗರಾಜ ಆ ಖಾನೆಯನ್ನು ಖಾಲಿ ಬಿಟ್ಟ. ಬೋಣಿಯಲ್ಲೇ ಸೋಲಿನ ಲೆಕ್ಕ ಬರೆಯಲು ಅವನಿಗೆ ಕೈ ಬರಲಿಲ್ಲ.

ಒತ್ತೆಯಿಟ್ಟದ್ದು ಮಾತ್ರ ಹೆಂಡತಿ ಯಶೋಧಾಳ ಎಂಬತ್ತು ಸಾವಿರ. ಬ್ಲೌಸುಗಳಿಗೆ ಕೈಯಿಂದಲೇ ಕಸೂತಿ ಹಾಕಿ ಕೂಡಿಸಿದ ದುಡ್ಡು. ಆ ವಾರವೇ ರಾಯಚೂರಿನಿಂದ ಕಂಪ್ಯೂಟರ್ ಕಸೂತಿ ಮಿಷನ್ ತರುವುದಿತ್ತು. ಅಷ್ಟರೊಳಗೆ ನಾಲ್ಕು ಕಾಸು ಹೆಚ್ಚು ಮಾಡಿಕೊಡುತ್ತೇನೆಂದು ಒಪ್ಪಿಸಿದ್ದ ಈ ಪುಣ್ಯಾತ್ಮ.

ಅವತ್ತಿನ ಮೊದಲ ಗಿರಾಕಿ, ನೀರಮಾನ್ವಿಯ ಹುಲಗೆಮ್ಮ ಸ್ಟೀಲಿನ ಕೊಡವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. "ದೇವದುರ್ಗದಾಗ ಮೊಮ್ಮಗಳು ಹೊಸಾ ಮನಿ ಮಾಡ್ಯಾಳ, ಆಕಿಗೆ ಕೊಡೂದು. ಎಂಟನೂರು ತೊಗೋ ಯಪ್ಪಾ."

"ನನಗ ಬಿದ್ದದ್ದ ಎಂಟನೂರಾ ಐವತ್ತು ಯವ್ವಾ."

ಗಲ್ಲಾದ ಪಕ್ಕ ಮೊಬೈಲ್ ಹಿಡಿದು ಕೂತಿದ್ದ ಯಶೋಧಾ ಮೆಲ್ಲಗೆ ಅಂದಳು: "ರೀ, ಬೀಳಾಕತ್ತದ. ಇಪ್ಪತ್ತು ಪೈಸಾ ಹೋತು."

"ಸುಮ್ಮಿರು, ಬೋಣಿ ನಡದದ."

ದಾರಿಯಲ್ಲಿ ಪೈಸೆ ಬಿದ್ದಿದ್ದರೆ ಯಾರೂ ಬಗ್ಗುವುದಿಲ್ಲ. ಆದರೆ ನಿಂಗರಾಜ ಹಿಡಿದಿದ್ದು ಮೂವತ್ತು ಸಾವಿರ ಡಾಲರ್. ದರ ಒಂದು ಪೈಸೆ ಜಾರಿದರೆ ಯಶೋಧಾಳ ಮುನ್ನೂರು ರೂಪಾಯಿ ಹೋದಂತೆ.

ಹುಲಗೆಮ್ಮ ಕೊಡವನ್ನು ಕೆಳಗಿಟ್ಟು ಎದ್ದಳು. ನಿಂಗರಾಜನ ಜೀವ ಬಾಯಿಗೆ ಬಂತು.

"ಬರ್ರಿ ಯವ್ವಾ, ಕುಂದರ್ರಿ!"

"ಐವತ್ತು ಪೈಸಾ," ಎಂದಳು ಯಶೋಧಾ. "ಮಾರಿಬಿಡ್ರಿ, ಕೈ ಮುಗೀತೀನಿ."

"ಮತ್ತ ಏರ್ತದ."

"ಯಾರು ಹೇಳ್ಯಾರ?"

ನಿಂಗರಾಜ ಗಿರಾಕಿಯ ಕಡೆ ತಿರುಗಿದ. ಹುಲಗೆಮ್ಮ ಕೇಳಿದ ಎಂಟುನೂರಕ್ಕೇ ಒಪ್ಪಿ, ದುಡ್ಡು ಇಸಿದುಕೊಂಡು ಕಣ್ಣಿಗೊತ್ತಿ, ಕೊಡವನ್ನು ಹಳೆಯ ಪೇಪರಿನಲ್ಲಿ ಸುತ್ತತೊಡಗಿದ.

ಯಶೋಧಾ ಎದ್ದು ಬಂದು ಮೊಬೈಲನ್ನು ಅವನ ಮುಖಕ್ಕೆ ಹಿಡಿದಳು. "ಎಪ್ಪತ್ತು ಪೈಸಾ. ಆ ಯವ್ವಗ ಐವತ್ತು ರೂಪಾಯಿ ಬಿಟ್ಟು ಕೊಟ್ರಿ, ಗಿರಾಕಿ ಉಳೀಲಿ ಅಂತ. ಅಂಗಡ್ಯಾಗ ದಿನಾ ಸಣ್ಣ ಲುಕ್ಸಾನ್ ತಿಂತೀರಿ, ಇಲ್ಲಿ ಯಾಕ ಒಲ್ಲಿರಿ? ನಂದು ಪೂರಾ ಹೋಗೂತನಕ ಕುಂದ್ರಬೇಕೇನು?"

"ಯಶೋಧಾ, ಬೋಣಿ ಹೊತ್ತಿನ್ಯಾಗ ಆ ಮಾತು..."

"ಲುಕ್ಸಾನ್! ಲುಕ್ಸಾನ್! ಆಡಿದೆ ನೋಡ್ರಿ. ಈಗ ಒತ್ತರಿ."

ಅವಳ ಕಣ್ಣಲ್ಲಿ ನೀರಿತ್ತು. ನಿಂಗರಾಜ ಮಾರುವ ಗುಂಡಿ ಒತ್ತಿದ. ಇಪ್ಪತ್ತೊಂದು ಸಾವಿರ ಹೋಗಿತ್ತು. ಅವನಿಗೆ ಅವಳ ಮುಖ ನೋಡಲು ನಾಚಿಕೆಯಾಯಿತು.

ಹುಲಗೆಮ್ಮ ಕೊಡವನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿಯುತ್ತ ಅಂದಳು: "ನನ್ನ ಕೈಗುಣ ಚಲೋ ಅದ ಯಪ್ಪಾ, ಇವತ್ತು ಯಾಪಾರ ಹೆಂಗ ಆಗ್ತದ ನೋಡು."

ಯಶೋಧಾ ಸೆರಗಿನಿಂದ ಮುಖ ಒರೆಸಿಕೊಂಡು ರಾಯಚೂರಿನ ಮಿಷನ್ ಅಂಗಡಿಗೆ ಫೋನ್ ಹಚ್ಚಿದಳು.

"ಅಣ್ಣಾ, ಆ ಕಂಪ್ಯೂಟರಿಂದು ಬ್ಯಾಡ್ರಿ. ಕಾಲಿಲೆ ತುಳಿಯೂ ಮಿಷನ್ ಎಷ್ಟಕ್ಕ ಕೊಡ್ತೀರಿ?" ಅವರು ಹೇಳಿದ ಬೆಲೆ ಕೇಳಿಸಿಕೊಂಡಳು. ಆಮೇಲೆ ಗಂಡನನ್ನೇ ನೋಡುತ್ತ ಫೋನಿನಲ್ಲಿ ಅಂದಳು: "ನಿಮ್ಮದಿನ್ನಾ ಬೋಣಿ ಆಗಿಲ್ಲಂದ್ರ ಹೇಳ್ರಿ. ಒಂದೀಟು ಲುಕ್ಸಾನ್ ಮಾಡಿಕೊಂಡು ಕೊಡ್ರಿ."